ಮನೆಯೋ ಅಂಗಡಿಯೋ

"ಅಮ್ಮಾ, ದಾರದಜ್ಜಿ ಯಾಕೆ ಟೀವಿಗೆ ದಾರ ತೋರಿಸ್ತಿದಾರೆ? ಟೀವಿನೂ ಬಟ್ಟೆ ಹೊಲಿಸ್ಕೊಳುತ್ತಾ?"

ಕೇಳಿದ್ದು ಮಹಡಿ ಮನೆಯ ಪುಟ್ಟಿ. ಅಮ್ಮನ ಕೈ ಹಿಡಿದು ಮೆಟ್ಟಿಲಿಳಿದು ಬಂದವಳು ಕೆಳಗಿನ ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಒಳಗೆ ದಾರದಕ್ಕ ಹೊಸ ಟೀವಿಯ ಮುಂದೆ ತುದಿಗಾಲಲ್ಲಿ ನಿಂತು, ಸುದ್ದಿ ಓದುವವಳ ಕೋಟಿನ ಮೇಲೆ ಒಂದು ದಾರದ ರೀಲನ್ನು ಒತ್ತಿ ಹಿಡಿದಿದ್ದರು. ಸುದ್ದಿಯವಳು ಅಲುಗಿದ ಕಡೆಗೆ ರೀಲೂ ಅಲುಗುತ್ತಿತ್ತು. ಮಗುವಿನ ಮಾತು ಕಿವಿಗೆ ಬಿದ್ದದ್ದೇ ತಡ, ರೀಲು ಮೇಲಂಗಿಯ ಜೇಬು ಸೇರಿತು.

"ದಾರ ಎಲ್ಲೇ ಮರಿ? ಧೂಳು ಒರೆಸ್ತಿದ್ದೆ."

"ರೀಲಲ್ಲಿ ಧೂಳು ಒರೆಸ್ತಾರಾ?"

"ಒರೆಸ್ತಾರೆ. ದೊಡ್ಡೋಳಾದ ಮೇಲೆ ಗೊತ್ತಾಗುತ್ತೆ ಬಿಡು."

ದೊಡ್ಡವರಾಗಿ, ಕೂದಲು ನರೆತು, ಸೊಂಟ ಹಿಡಿಯುವ ವಯಸ್ಸಿಗೆ ಬಂದಿದ್ದ ದಾರದಕ್ಕನಿಗೇ ಏನೊಂದೂ ಗೊತ್ತಾಗದೆ ತಲೆ ಗೊಂದಲದ ಗೂಡಾಗಿತ್ತು ಎನ್ನುವುದು ಬೇರೆ ಮಾತು.

ಅವರಿಗೆ ಆ ಹೆಸರು ಬಂದದ್ದು ದಾರದಿಂದಲೇ. ಕೆಂಪು ಬಟ್ಟೆಗೆ ಕೈಗೆ ಸಿಕ್ಕ ಕೆಂಪು ದಾರ ಪೋಣಿಸಿ ಹೊಲಿದು ಬಿಸಾಡುವ ಟೈಲರುಗಳು ಬೇಕಾದಷ್ಟಿದ್ದಾರೆ. ದಾರದಕ್ಕ ಹಾಗಲ್ಲ. ಅಂಗಡಿಯ ಒಂದು ಗೋಡೆಗೆ ಸಾಲು ಸಾಲು ಮೊಳೆ, ಮೊಳೆಗೊಂದು ರೀಲು. ಬಟ್ಟೆ ಬಂದರೆ ಆ ಗೋಡೆಯ ಮುಂದೆ ನಿಂತು, ಇಟ್ಟಿಗೆಯ ಕೆಂಪೋ ಮೆಣಸಿನಕಾಯಿಯ ಕೆಂಪೋ ಎಂದು ಗೊಣಗಿ, ಒಂದೆಳೆ ಬಿಚ್ಚಿ ಬಟ್ಟೆಯ ಮೇಲೆ ಮಲಗಿಸುವರು. ಎಳೆ ಬಟ್ಟೆಯೊಳಗೆ ಕರಗಿದರೆ ಸರಿ, ಇಲ್ಲವಾದರೆ ಮತ್ತೊಂದು ಮೊಳೆ. "ಹೊಲಿಗೆ ಕಣ್ಣಿಗೆ ಕಂಡ್ರೆ ಅದು ಹೊಲಿಗೆಯಲ್ಲ ಕಣೇ, ಗಾಯ" ಎನ್ನುವುದು ಅವರ ಮಾತು. ಹರಿದ ಕೋಟು, ಸುಟ್ಟ ಪ್ಯಾಂಟು, ತಂತಿಗೆ ಸಿಕ್ಕಿ ಸೀಳಿದ ಲಂಗ ಎಲ್ಲವೂ ಬೀದಿ ದಾಟಿ, ಬೇರೆ ಟೈಲರುಗಳನ್ನು ದಾಟಿ, ಈ ಬಾಗಿಲಿಗೇ ಬರುತ್ತಿದ್ದವು.

ಈಗ ಆ ಗೋಡೆಯ ಮುಂದೆ ನಿಲ್ಲುವುದೆಂದರೆ ಅವರಿಗೆ ಒಳಗೊಳಗೇ ಪುಕಪುಕ. ಅದಕ್ಕೆ ಕಾರಣ ಬ್ಯಾಂಕಿನ ಮೇಡಂ. ಅಂಚು ಬಿಚ್ಚಿದ ಕೋಟು ಕೊಟ್ಟು ಹೋಗಿದ್ದ ಆಕೆ, ಹೊಲಿದು ಕೊಟ್ಟ ಮಾರನೆಯ ದಿನವೇ ಅದನ್ನು ಮಡಿಸಿ ತಂದಿದ್ದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಕೋಟು ಕಡುನೀಲಿ. ನೀವು ಹಾಕಿರೋದು ಕಪ್ಪು ದಾರ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ನಕ್ಕಳು, ಅದೇ ಎದೆಗೆ ನಾಟಿತು. "ಕರೆಂಟು ಕೈಕೊಟ್ಟಿತ್ತು ಮೇಡಂ, ಕತ್ತಲಲ್ಲಿ ಹೊಲಿದೆ. ಬಿಚ್ಚಿ ಸರಿ ಮಾಡಿಕೊಡ್ತೀನಿ" ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಕೋಟು ಇಸಿದುಕೊಂಡರು. ಸರಿ ಮಾಡಲು ಕೂತಾಗಲೇ ಗೊತ್ತಾದದ್ದು. ಗೋಡೆಯ ಕಪ್ಪು ರೀಲೂ ಕಡುನೀಲಿ ರೀಲೂ ಒಂದೇ ತಾಯಿಯ ಅವಳಿ ಮಕ್ಕಳಂತೆ ಕಂಡವು. ಇವತ್ತು ಕಪ್ಪು ನೀಲಿ, ನಾಳೆ ಹಸಿರು ಬೂದು, ನಾಡಿದ್ದು? ಕಣ್ಣು ಕೈಕೊಟ್ಟ ಟೈಲರಿಗೆ ಕೆಲಸ ಯಾರು ಕೊಡುತ್ತಾರೆ? ಕೋಟನ್ನು ಬೇರೆ ಬಟ್ಟೆಗಳ ಅಡಿಗೆ ತೂರಿಸಿ, ಯಾರಿಗೂ ಹೇಳದೆ ಸುಮ್ಮನಾದರು.

ಹಳೆಯ ಟೀವಿಯಿಂದ ಗೊಂದಲ ಇನ್ನೂ ಬಿಗಡಾಯಿಸಿತ್ತು. ಆ ದಪ್ಪ ಹೊಟ್ಟೆಯ ಡಬ್ಬಿಯಲ್ಲಿ ಕೆಲವು ತಿಂಗಳಿಂದ ಮನುಷ್ಯರೆಲ್ಲ ಹಸಿರಾಗಿ ಕಾಣುತ್ತಿದ್ದರು. "ಎಲ್ಲಾರೂ ಸೊಪ್ಪು ತಿಂದು ಬಂದಂಗವ್ರೆ" ಎಂದು ಅವರ ಯಜಮಾನರೂ ಹೇಳಿದ್ದರು. ಅಂದಮೇಲೆ ಟೀವಿ ಕೆಟ್ಟಿರುವುದು ನಿಜ. ಆದರೆ ಹಸಿರಿನಲ್ಲಿ ಟೀವಿಯ ಪಾಲೆಷ್ಟು, ತನ್ನ ಕಣ್ಣಿನ ಪಾಲೆಷ್ಟು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ತನ್ನದು ಯಾವ ಬಣ್ಣದ ಕಾಮಾಲೆಯೋ. ಹಾಗಾಗಿ ಯಜಮಾನರು "ಅಗ್ಗದ್ದೊಂದು ಸ್ಮಾರ್ಟ್ ಟೀವಿ ಬಂದಿದೆ ಕಣೇ, ತರೋಣ" ಎಂದಾಗ, ಹೊಸ ಚಮಚ ತರಲೂ ಹತ್ತು ತಕರಾರು ತೆಗೆಯುವ ಹೆಂಡತಿ "ತನ್ನಿ" ಎಂದುಬಿಟ್ಟರು. ಯಜಮಾನರು ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

"ಜ್ವರ ಏನಾದ್ರೂ ಬಂದಿದ್ಯಾ?"

"ನಿಮ್ಮ ತಲೆ. ತರೋದಾದ್ರೆ ತನ್ನಿ, ಇಲ್ಲಾಂದ್ರೆ ಬಿಡಿ."

ಹೊಸ ಟೀವಿಯಲ್ಲಿ ಮುಖಗಳು ಮುಖದ ಬಣ್ಣದಲ್ಲೇ ಕಂಡರೆ ತನ್ನ ಕಣ್ಣು ಸರಿಯಾಗಿದೆ. ಕೋಟಿನದು ಯಾವುದೋ ಗಳಿಗೆಯ ಮರೆವು. ದಾರದಕ್ಕ ತಮ್ಮೊಳಗೇ ಹಾಕಿಕೊಂಡ ಲೆಕ್ಕ ಅದು.

ಪೆಟ್ಟಿಗೆ ಬಂತು. ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. "ಅಷ್ಟು ದೊಡ್ಡ ಬಸ್ಸನ್ನೇ ಪಳಗಿಸಿದೋನಿಗೆ ಈ ಹಲಗೆ ಯಾವ ಲೆಕ್ಕ" ಎಂದು ತೋಳು ಮಡಿಸಿ, ಟೇಪು ಕತ್ತರಿಸಲು ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದರು.

"ರೀ! ಅದು ಬಟ್ಟೆ ಕತ್ತರಿ. ರಟ್ಟು ಗಿಟ್ಟು ಮುಟ್ಟಿಸಿದ್ರೆ ಕೈ ಮುರೀತೀನಿ!"

"ಗಂಡನಿಗಿಂತ ಕತ್ತರಿಗೇ ಮರ್ಯಾದೆ ಜಾಸ್ತಿ ಈ ಮನೇಲಿ" ಎಂದು ಗೊಣಗಿ ಅವರು ಬೀಗದ ಕೈಯಿಂದಲೇ ಟೇಪು ಹರಿದರು. ಥರ್ಮಾಕೋಲು ಕಿರ್ರೆಂದು ಹಲ್ಲು ಜುಮ್ಮೆನಿಸುತ್ತ ಹೊರಬಂತು. ಅದರ ಬಿಳಿ ಕಾಳುಗಳು ಹೊಲಿಗೆ ಯಂತ್ರದ ಮೇಲೆ, ಮಡಿಸಿಟ್ಟ ಬಟ್ಟೆಗಳ ಮೇಲೆ, ಯಜಮಾನರ ಹುಬ್ಬಿನ ಮೇಲೆ ಕೂತವು. ಟೀವಿಗೆ ಎರಡು ಕಾಲು, ಬೇರೆ ಬೇರೆ. ನೋಡಲು ಒಂದೇ ಥರ. ತಿರುಪು ಬಿಗಿದು ನಿಲ್ಲಿಸಿದರೆ ಟೀವಿ ತಿರುವಿನಲ್ಲಿ ವಾಲಿದ ಬಸ್ಸಿನಂತೆ ನಿಂತಿತು.

"ನೆಲ ವಾಲಿದೆ" ಎಂದರು ಯಜಮಾನರು.

"ಇಷ್ಟು ವರ್ಷ ನೆಟ್ಟಗಿದ್ದ ನೆಲ ಇವತ್ತು ವಾಲ್ತಾ?"

ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋದ ಮೇಲೆ ನೆಲ ತಾನಾಗಿ ನೆಟ್ಟಗಾಯಿತು. ಪರದೆಯ ಮೇಲಿನ ತೆಳು ಪ್ಲಾಸ್ಟಿಕ್ ತೆಗೆಯಬೇಕೋ ಬಾರದೋ ಎಂಬ ಬಗ್ಗೆ ಇನ್ನೊಂದು ಜಗಳ. ತೆಗೆದರೆ ಗೀರು ಬೀಳುತ್ತದೆ ಎಂದು ಅವರು, ತೆಗೆಯದಿದ್ದರೆ ಬಣ್ಣ ನಿಜ ಕಾಣುವುದಿಲ್ಲ ಎಂದು ಇವರು. ಬಣ್ಣದ ಮಾತಿಗೆ ದಾರದಕ್ಕ ಬಿಟ್ಟುಕೊಡುವವರಲ್ಲ. ಉಗುರಲ್ಲಿ ಮೂಲೆ ಎಬ್ಬಿಸಿ ಸರ್ರನೆ ಎಳೆದೇಬಿಟ್ಟರು.

ಟೀವಿ ಕಣ್ಣು ಬಿಟ್ಟದ್ದೇ ಪ್ರಶ್ನೆ ಕೇಳಲು ಶುರು ಮಾಡಿತು. ಭಾಷೆ ಯಾವುದೆಂದಿತು, ಯಜಮಾನರ ಹೆಬ್ಬೆರಳು ಜಾರಿ ಇನ್ಯಾವುದೋ ಲಿಪಿ ಬಂತು, ಓದಲು ಬಾರದ ಅಕ್ಷರಗಳ ನಡುವೆ ದಾರಿ ಹುಡುಕಿ ಹಿಂದಕ್ಕೆ ಬರುವಷ್ಟರಲ್ಲಿ ಅವರು ಬೆವೆತರು. ಇಂಟರ್ನೆಟ್ ಎಲ್ಲಿ ಎಂದಿತು. ಪುಟ್ಟಿಯ ಅಮ್ಮ ಕೆಳಗಿಳಿದು ಬಂದು, ತಮ್ಮ ಮನೆಯ ವೈಫೈ ಪಾಸ್‌ವರ್ಡ್ ಹಾಕಿಕೊಟ್ಟು, ಒಲೆಯ ಮೇಲೆ ಹಾಲಿದೆ ಎಂದು ಓಡಿದಳು. ಆಮೇಲೆ ಪುಟಗಟ್ಟಲೆ ಷರತ್ತು, ಕೊನೆಯಲ್ಲಿ "ಒಪ್ಪುತ್ತೇನೆ."

"ಓದಬೇಡ್ವೇನ್ರೀ?"

"ಮದುವೇಲಿ ಓದಿ ಒಪ್ಪಿದ್ವಾ? ಸುಮ್ನೆ ಒತ್ತೋದೇ."

ಅಷ್ಟರಲ್ಲಿ ಹೊರಗೆ ಯಾರೋ ಕರೆದರು. ಯಜಮಾನರು ರಿಮೋಟನ್ನು ಹೆಂಡತಿಯ ಕೈಗಿಟ್ಟು ಬೀದಿಗೆ ಹೋದರು. ಟೀವಿ ಮತ್ತೆ ಕೇಳಿತು: ಈ ಟೀವಿ ಎಲ್ಲಿದೆ? ಕೆಳಗೆ ಎರಡು ಚೌಕ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ಅಂಗಡಿ.

ದಾರದಕ್ಕ ರಿಮೋಟು ಹಿಡಿದು ಸುತ್ತ ನೋಡಿದರು. ಹಿಂದೆ ಬಟ್ಟೆಯ ಪರದೆಯ ಆಚೆ ಅವರ ಸಂಸಾರ: ಮಂಚ, ಒಲೆ, ಪಾತ್ರೆ. ಅಲ್ಲಿ ಪ್ಲಗ್ಗೂ ಇಲ್ಲ, ಟೀವಿ ಇಡಲು ಜಾಗವೂ ಇಲ್ಲ. ಈಚೆ ಹೊಲಿಗೆ ಯಂತ್ರ, ದಾರದ ಗೋಡೆ, ಅಳತೆ ತೆಗೆಯುವ ಕನ್ನಡಿ. ಟೀವಿ ಕೂತಿರುವುದು ಇಲ್ಲಿ; ಅದರ ನೆತ್ತಿಯ ಮೇಲೆಯೇ ಚೌಕಟ್ಟು ಹಾಕಿಸಿದ ಅಂಗಡಿ ಲೈಸೆನ್ಸ್. ಮನೆ ಅಂತ ಒತ್ತಿದರೆ ಯಾರು ನಂಬುತ್ತಾರೆ? ನಾಳೆ ಟೀವಿ ಕೆಟ್ಟು ಕಂಪನಿಯವನು ಬಂದು, ಇದು ಅಂಗಡಿಯಲ್ಲವೇ, ಸುಳ್ಳು ಯಾಕೆ ಹೇಳಿದಿರಿ ಎಂದರೆ ಮುಖ ಎಲ್ಲಿಡುವುದು? ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರ ಹಂಗೂ ಇಲ್ಲ. ಅಂಗಡಿ ಎಂದು ಒತ್ತಿದರು.

ಟೀವಿ ಖುಷಿಯಾದಂತೆ ಝಗ್ಗನೆ ಬೆಳಗಿತು.

ಎಂಥ ಬೆಳಕು! ಅಂಗಡಿಯ ಕನ್ನಡಿಯಲ್ಲೂ ಟೀವಿ, ಇಸ್ತ್ರಿ ಪೆಟ್ಟಿಗೆಯ ತಳದಲ್ಲೂ ಟೀವಿ. ಸುದ್ದಿ ಓದುವವಳ ಮುಖ ಗಜ್ಜರಿಯ ಬಣ್ಣ. ಅವಳ ಹಿಂದಿನ ಆಕಾಶ ಬಟ್ಟೆಗೆ ಹಾಕುವ ನೀಲಿ ಸುರಿದಂತೆ. ಹುಲ್ಲು ಕಣ್ಣಿಗೆ ಚುಚ್ಚುವ ಹಸಿರು. ಹಳೆಯದರಲ್ಲಿ ಹಸಿರು, ಇದರಲ್ಲಿ ಗಜ್ಜರಿ. ಡಬ್ಬಿ ಬದಲಾಯಿತು, ಕಣ್ಣು ಅದೇ. ಅಂದರೆ?

"ರೀ, ಬಣ್ಣ ಒಂದಿಷ್ಟು ಜಾಸ್ತಿ ಅನಿಸಲ್ವಾ?" ಎಂದು ಒಳಬಂದ ಗಂಡನನ್ನು ಮೆಲ್ಲಗೆ ಕೇಳಿದರು.

"ಜಾಸ್ತಿನಾ? ಏನು ಬಣ್ಣ, ಏನು ಬಣ್ಣ! ಅಂಗಡೀಲಿ ನೋಡಿದಾಗ ಹೆಂಗಿತ್ತೋ ಹಂಗೇ ಇದೆ. ಮೋಸ ಇಲ್ಲ."

ಹಾಲು ಇಳಿಸಿ ಮತ್ತೆ ಬಂದ ಪುಟ್ಟಿಯ ಅಮ್ಮನನ್ನೂ ಕೇಳಿದರು. ಅವಳು ಪಕ್ಕದ ಮನೆಯವರ ಹೊಸ ವಸ್ತುವಿನ ಬಗ್ಗೆ ಆಡಬೇಕಾದ ಮಾತನ್ನೇ ಆಡಿದಳು: "ತುಂಬಾ ಚೆನ್ನಾಗಿದೆ ಅಕ್ಕಾ." ಪುಟ್ಟಿಯಂತೂ ಬಾಯಿ ತೆರೆದು ಕೂತುಬಿಟ್ಟಿದ್ದಳು. ಎಲ್ಲರಿಗೂ ಸರಿ ಕಂಡದ್ದು ತನಗೊಬ್ಬಳಿಗೆ ತಪ್ಪು ಕಂಡರೆ ತಪ್ಪು ಯಾರದು? ದಾರದಕ್ಕ ಮುಂದೆ ಕೇಳಲಿಲ್ಲ.

ಟೀವಿಯ ಚಾಳಿ ಅಲ್ಲಿಗೇ ಮುಗಿಯಲಿಲ್ಲ. ಯಾರೂ ರಿಮೋಟು ಮುಟ್ಟದೆ ಸ್ವಲ್ಪ ಹೊತ್ತಾದರೆ ಸಾಕು, ನೋಡುತ್ತಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಮೀನು, ಜಲಪಾತ, ಕತ್ತರಿಸಿದ ಹಣ್ಣು ತೋರಿಸುತ್ತಿತ್ತು. ಅಡಿಯಲ್ಲಿ ಒಂದು ಪಟ್ಟಿ ಓಡುತ್ತ ತನ್ನನ್ನು ತಾನೇ ಹೊಗಳಿಕೊಳ್ಳುತ್ತಿತ್ತು: ಅದ್ಭುತ ಬಣ್ಣ, ಅದ್ಭುತ ಧ್ವನಿ. ಸದ್ದು ಇಳಿಸಿದರೆ ಮತ್ತೆ ತಾನಾಗಿ ಏರುತ್ತಿತ್ತು.

"ಜಾಹೀರಾತು ಕಣೇ. ಅಗ್ಗದ ಟೀವಿ ಅಲ್ವಾ, ಹಂಗೇ ಬರುತ್ತೆ" ಎಂದರು ಯಜಮಾನರು ಮೊದಲು. ಆಮೇಲೆ ರಿಮೋಟಿನ ಸೆಲ್ಲಿನ ದೋಷವೆಂದರು. ಆಮೇಲೆ ಮಹಡಿಯವರ ವೈಫೈ ಮೇಲೆ ಗೂಬೆ ಕೂರಿಸಿದರು. ಪುಟ್ಟಿಯ ಅಮ್ಮ ವೈಫೈ ಆರಿಸಿ ನೋಡಿದಳು. ಮೀನು ಆಗಲೂ ಈಜಿತು.

"ನಮ್ಮ ವೈಫೈಲಿ ಮೀನಿಲ್ಲ ಭಾವ, ನೋಡ್ಕೊಳ್ಳಿ" ಎಂದಳು ಅವಳು.

"ಹಂಗಾದ್ರೆ ಎಲ್ಲಿಂದ ಬಂತು ಮೀನು?"

"ನನ್ನನ್ನ ಕೇಳಿದ್ರೆ?"

ಗಂಡಸು ಹೆಂಗಸು ಮಗು ಎಲ್ಲ ಕಕ್ಕಾಬಿಕ್ಕಿ. ದಾರದಕ್ಕನಿಗೆ ಮಾತ್ರ ಮೀನಿನ ಚಿಂತೆಯಿಲ್ಲ. ಮೀನು ಕಿತ್ತಳೆಯೋ ಕೆಂಪೋ, ಅದೊಂದೇ ಚಿಂತೆ. ಯಾರೂ ಇಲ್ಲದ ಹೊತ್ತು ನೋಡಿ ಗೋಡೆಯಿಂದ ಒಂದೊಂದೇ ರೀಲು ತೆಗೆದು ಟೀವಿಗೆ ಹಿಡಿಯುವರು. ರೀಲು ತನ್ನ ಕೈಯಲ್ಲಿ ಒಂದು ಬಣ್ಣ, ಪರದೆಯ ಬೆಳಕು ತಾಗಿದರೆ ಇನ್ನೊಂದು. ಗುರುತಿನ ದಾರಗಳೂ ಅಪರಿಚಿತರಂತೆ ಮುಖ ತಿರುಗಿಸಿದವು. ಹೀಗೆ ಹಿಡಿದು ನಿಂತಿದ್ದಾಗಲೇ ಪುಟ್ಟಿ ಬಂದು ಕೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ಜೇಬು ಮುಚ್ಚಿಕೊಂಡದ್ದು.

ಪುಟ್ಟಿಯ ಅಮ್ಮ ಜೇಬನ್ನೂ ನೋಡಿದಳು, ಮುಖವನ್ನೂ ನೋಡಿದಳು. "ಅಕ್ಕಾ, ಟೀವಿ ಪೆಟ್ಟಿಗೆ ಇದೆಯಾ? ಅದರ ಮೇಲೆ ಕಂಪನಿ ನಂಬರ್ ಇರುತ್ತೆ. ಸುಮ್ನೆ ತಲೆ ಕೆರ್ಕೊಳೋದಕ್ಕಿಂತ ಕೇಳೇಬಿಡೋಣ" ಎಂದಳು. ಅಷ್ಟರಲ್ಲಿ ಹೊರಗಿನಿಂದ ಬಂದ ಯಜಮಾನರು ಮಂಚದಡಿಯಿಂದ ಪೆಟ್ಟಿಗೆ ಎಳೆದರು. ಫೋನು ಮೊದಲು ಒಂದೊತ್ತಿ ಎರಡೊತ್ತಿ ಎಂದು ಆಟವಾಡಿಸಿ, ಆಮೇಲೆ ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿಯನ್ನು ಕೊಟ್ಟಿತು. ಪುಟ್ಟಿಯ ಅಮ್ಮ ಮೀನಿನಿಂದ ಶುರು ಮಾಡಿ ಸದ್ದಿನವರೆಗೆ ಎಲ್ಲ ಹೇಳಿದಳು. ಫೋನು ಸ್ಪೀಕರಿನಲ್ಲಿತ್ತು.

"ಮೇಡಂ, ಮೊದಲ ಸಲ ಆನ್ ಮಾಡಿದಾಗ ಟೀವಿ ಎಲ್ಲಿದೆ ಅಂತ ಕೇಳಿರುತ್ತೆ. ಏನು ಒತ್ತಿದ್ರಿ?"

ಪುಟ್ಟಿಯ ಅಮ್ಮ ದಾರದಕ್ಕನನ್ನು ನೋಡಿದಳು. ಯಜಮಾನರೂ ನೋಡಿದರು.

"ಅಂಗಡಿ ಅಂತ ಒತ್ತಿದೆ" ಎಂದರು ದಾರದಕ್ಕ. "ಅಂಗಡೀಲೇ ಇದೆ ಕಣಮ್ಮ. ಸುಳ್ಳು ಹೇಳೋಕಾಗುತ್ತಾ?"

ಆ ಕಡೆ ಹುಡುಗಿ ನಗು ನುಂಗಿಕೊಂಡಳೋ ಏನೋ. "ಮೇಡಂ, ಅದು ಟೀವಿ ಮಾರೋ ಅಂಗಡಿಗೆ ಅಂತ ಇರೋದು. ಸಾಲಾಗಿ ಟೀವಿ ಇಟ್ಟಿರ್ತಾರಲ್ಲ, ಗಿರಾಕಿ ಕಣ್ಣು ಇದರ ಮೇಲೇ ಬೀಳ್ಲಿ ಅಂತ ಬಣ್ಣ, ಬೆಳಕು, ಸದ್ದು ಎಲ್ಲ ಅತಿಯಾಗಿ ಇಡುತ್ತೆ. ಮಧ್ಯೆ ಮಧ್ಯೆ ಮೀನು, ಹಣ್ಣು ಎಲ್ಲ ತೋರಿಸುತ್ತೆ."

"ಅಂದ್ರೆ ಬಣ್ಣ ಅತಿಯಾಗಿದ್ದದ್ದು ನಿಜಾನಾ?"

"ಹೌದು ಮೇಡಂ."

"ಇನ್ನೊಂದ್ಸಲ ಹೇಳಮ್ಮ. ನಮ್ಮೆಜಮಾನ್ರಿಗೆ ಕಿವಿ ಸ್ವಲ್ಪ ಮಂದ."

ಹುಡುಗಿ ಇನ್ನೊಂದು ಸಲ ಹೇಳಿದಳು. ಕಿವಿ ಚೆನ್ನಾಗಿಯೇ ಇದ್ದ ಯಜಮಾನರು ಛಾವಣಿ ನೋಡಿದರು. ಹುಡುಗಿ ಹೇಳಿದ ದಾರಿಯಲ್ಲೇ ಗುಂಡಿ ಒತ್ತುತ್ತ ಹೋದರೆ ಮತ್ತದೇ ಪ್ರಶ್ನೆ ಬಂತು. ಈ ಸಲ ದಾರದಕ್ಕ ಲೈಸೆನ್ಸಿನ ಕಡೆ ಒಮ್ಮೆ ನೋಡಿ, ಕ್ಷಮೆ ಕೇಳುವವರಂತೆ, ಮನೆ ಎಂದು ಒತ್ತಿದರು.

ಝಗಝಗ ಇಳಿಯಿತು. ಸುದ್ದಿ ಓದುವವಳ ಮುಖ ಮನುಷ್ಯರ ಮುಖವಾಯಿತು. ಆಕಾಶ ಆಕಾಶದಂತೆ ಆಯಿತು. ಮೀನು ಕಾಣದೆ ಪುಟ್ಟಿ ಮುಖ ಊದಿಸಿದಳು.

"ಏ, ಸಪ್ಪೆ ಆಯ್ತಲ್ಲೇ!" ಎಂದರು ಯಜಮಾನರು. "ಉಪ್ಪಿಲ್ಲದ ಊಟದಂಗೆ."

"ಇದೇ ಸರಿ ರೀ. ಮೊದಲಿನದು ಮುಖ ಅಲ್ಲ, ಗಜ್ಜರಿ. ನಾನು ಅವತ್ತೇ ಹೇಳ್ಲಿಲ್ವಾ?" ದಾರದಕ್ಕ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ನೀರು ನಿಲ್ಲದೆ, ಯಜಮಾನರು ಇದು ನಗುವೋ ಅಳುವೋ ತಿಳಿಯದೆ ಚಹಾ ತರುತ್ತೇನೆಂದು ಹೊರಗೆ ಜಾರಿಕೊಂಡರು.

ಅವರು ಹೋದ ಮೇಲೆ ಎಲ್ಲ ಹೊರಬಂತು. ಕೋಟು, ಮೇಡಮ್ಮಿನ ನಗು, ಕರೆಂಟಿನ ಸುಳ್ಳು, ಒಳಗಿನ ಲೆಕ್ಕ. "ಈಗ ಗೊತ್ತಾಯ್ತು ಕಣೇ. ನಿಮಗೆಲ್ಲ ಸರಿ ಕಂಡದ್ದೇ ತಪ್ಪು, ನನಗೆ ತಪ್ಪು ಕಂಡದ್ದೇ ಸರಿ. ನನ್ನ ಕಣ್ಣಿಗೆ ಏನೂ ಆಗಿಲ್ಲ."

ಪುಟ್ಟಿಯ ಅಮ್ಮನೂ ಹಾಗೆಯೇ ನಂಬಿ ಮೆಟ್ಟಿಲು ಹತ್ತಿಬಿಡಬಹುದಿತ್ತು. ಆದರೆ ಮಗುವಿಗೆ ಜ್ವರ ಇಳಿಯಿತು ಎಂದು ಯಾರಾದರೂ ಹೇಳಿದರೂ ಒಮ್ಮೆ ತಾನೇ ಕೈಯಿಟ್ಟು ನೋಡುವ ಸ್ವಭಾವ ಅವಳದು.

"ಆ ಕೋಟು ಎಲ್ಲಿದೆ ಅಕ್ಕಾ?"

ಬಟ್ಟೆಗಳ ಅಡಿಯಿಂದ ಕೋಟು ಬಂತು. ಇಬ್ಬರೂ ಬಾಗಿಲ ಬೆಳಕಿಗೆ ಹೋದರು. ದಾರದಕ್ಕ ಗೋಡೆಯಿಂದ ಎರಡು ರೀಲು ತೆಗೆದು, ಹಿಂದೆ ಮುಂದೆ ನೋಡಿ, ಒಂದನ್ನು ಆರಿಸಿ ಎಳೆ ಬಿಚ್ಚಿ ಅಂಚಿನ ಮೇಲೆ ಮಲಗಿಸಿದರು. ಕೈಯಲ್ಲಿ ಹಳೆಯ ಧೈರ್ಯವಿತ್ತು.

"ನೋಡು, ಕರಗಿಹೋಯ್ತು."

ಪುಟ್ಟಿಯ ಅಮ್ಮ ಬಗ್ಗಿ ನೋಡಿದಳು. ಎಳೆ ಕರಗಿರಲಿಲ್ಲ, ನೀಲಿಯ ಮೇಲೆ ಇರುವೆ ಸಾಲಿನಂತೆ ಎದ್ದು ಕಾಣುತ್ತಿತ್ತು. ಹಾವೂ ಸಾಯದೆ ಕೋಲೂ ಮುರಿಯದೆ ಹೇಳುವ ಮಾತು ಹುಡುಕಿದಳು, ಸಿಗಲಿಲ್ಲ.

"ಅಕ್ಕಾ, ಇದು ಕಪ್ಪು."

ದಾರದಕ್ಕ ಎಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಇನ್ನೊಂದು ರೀಲಿನ ಎಳೆಯನ್ನು ಪಕ್ಕದಲ್ಲಿಟ್ಟರು. ಬಿಸಿಲಿಗೆ ಓರೆ ಮಾಡಿ ಬಹಳ ಹೊತ್ತು ನೋಡಿದರು. "ಹೂಂ" ಎಂದರು ಕೊನೆಗೆ. "ಒಂಚೂರು ಬೇರೆ ಇದೆ. ಒಂದೇ ಒಂಚೂರು. ಹಾಗಾದ್ರೆ ಟೀವಿದೂ ತಪ್ಪು, ನಂದೂ ತಪ್ಪು. ಇದೊಳ್ಳೆ ತಮಾಷೆ. ಅಷ್ಟು ಗಜ್ಜರಿ ಕಂಡೋಳಿಗೆ ಇಷ್ಟು ನೀಲಿ ಕಾಣಲ್ವಾ?"

"ಪೊರೆ ಶುರುವಾಗಿರಬಹುದು ಅಕ್ಕಾ. ನಮ್ಮತ್ತೆಗೂ ಹೀಗೇ ಕಡುಬಣ್ಣ ಮೊದಲು ತಪ್ಪಿದ್ದು. ತೆಗೆಸಿದ್ರು, ಈಗ ನನ್ನ ಅಡುಗೆಮನೆ ಮೂಲೇಲಿರೋ ಜೇಡರ ಬಲೇನೂ ಕಾಣುತ್ತೆ ಅವರಿಗೆ. ಶನಿವಾರ ನನಗೆ ರಜ, ಕಣ್ಣಿನ ಆಸ್ಪತ್ರೆಗೆ ಹೋಗೋಣ. ಸುಮ್ನೆ ಹೂಂ ಅನ್ನಿ."

"ಹೂಂ. ಹೋಗೋಣ. ಬೇಡ ಅಂದ್ರೆ ನೀನು ಬಿಡ್ತೀಯಾ?"

ಬೀದಿಯ ಕೊನೆಯಲ್ಲಿ ಯಜಮಾನರು ಚಹಾದ ಫ್ಲಾಸ್ಕು ಹಿಡಿದು ಬರುತ್ತಿದ್ದರು. ದಾರದಕ್ಕ ಅವರನ್ನೊಮ್ಮೆ ನೋಡಿ, ದನಿ ತಗ್ಗಿಸಿ, ಪುಟ್ಟಿಯ ಅಮ್ಮನ ಮಣಿಕಟ್ಟು ಹಿಡಿದುಕೊಂಡರು.

"ಅದು ಆಸ್ಪತ್ರೆ ಮಾತಾಯ್ತು. ನನ್ನದೊಂದು ಬೇರೆ ಮಾತಿದೆ. ಅಲ್ಲೀವರೆಗೂ ಅಂಗಡಿ ಮುಚ್ಚೋಕಾಗಲ್ಲ ಮಗಳೇ, ಮುಚ್ಚಿದ್ರೆ ನನ್ನ ಕೈ ಸುಮ್ನಿರಲ್ಲ. ದಿನಾ ಬೆಳಿಗ್ಗೆ ಪುಟ್ಟಿನ ಸ್ಕೂಲಿಗೆ ಬಿಡೋಕೆ ಇಳೀತೀಯಲ್ಲ, ಅಷ್ಟೊತ್ತಿಗೆ ಅವತ್ತಿನ ಬಟ್ಟೆ ಮೇಲೆ ಅವತ್ತಿನ ದಾರ ಇಟ್ಟಿರ್ತೀನಿ. ಒಂದ್ಸಲ ಕಣ್ಣಾಡಿಸಿ ಹೋಗ್ತೀಯಾ? ಬಾಯಲ್ಲಿ ಏನೂ ಹೇಳಬೇಡ, ಗಿರಾಕಿ ಇರ್ತಾರೆ, ಇವರೂ ಇರ್ತಾರೆ. ತಪ್ಪಿದ್ರೆ ಆ ರೀಲನ್ನ ಸುಮ್ನೆ ಪಕ್ಕಕ್ಕೆ ಸರಿಸಿಬಿಡು."